ಕಿಸೆಯ ಅಧ್ಯಾಯ

ಹೂಡೆಯ ಹಾಜಬ್ಬನ ಕೈಬರಹ ಓದಬಲ್ಲವರು ಈ ಲೋಕದಲ್ಲಿ ಇಬ್ಬರೇ: ಒಬ್ಬ ಹಾಜಬ್ಬ, ಇನ್ನೊಬ್ಬಳು ಅವನ ಹೆಂಡತಿ ಆಸ್ಯಾ. ಅದರಲ್ಲಿ ಹಾಜಬ್ಬ ಸದ್ಯಕ್ಕೆ ಲೆಕ್ಕಕ್ಕಿಲ್ಲ. ಮಣಿಪಾಲದಲ್ಲಿ ಆಪರೇಷನ್ ಆಗಿ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಇನ್ನೂ ಪೊರೆ. ಹಾಗಾಗಿ ಅವನ ಆತ್ಮಕಥೆಯನ್ನು ಕಡಿಯಾಳಿಯ ಟೈಪಿಂಗ್ ಅಂಗಡಿಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕೆಲಸ ಆಸ್ಯಾಳ ತಲೆಗೆ ಬಿತ್ತು. ಇರುವುದು ಅದೊಂದೇ ನೋಟುಪುಸ್ತಕ. ನಾಳೆ ಕಾರ್ಕಳದಲ್ಲಿ ಅಚ್ಚಿಗೆ ಹೋಗಬೇಕು.

ಹಾಜಬ್ಬ ಸಾಮಾನ್ಯ ದರ್ಜಿಯಲ್ಲ, ಮೀನುಗಾರರಿಗೆಂದೇ ಹಗುರವಾದ ಲೈಫ್ ಜಾಕೆಟ್ ಕಂಡುಹಿಡಿದವನು. ಕಾಪುವಿನಿಂದ ಹೂಡೆಯವರೆಗೆ ಅದು ಎಷ್ಟೋ ಜೀವ ಉಳಿಸಿದೆ. ಆದರೆ ಮೊದಲ ವರ್ಷ ಅದನ್ನು ಯಾರೂ ಮೂಸಿಯೂ ನೋಡಿರಲಿಲ್ಲ. ಸೆಕೆಯಾಗುತ್ತದೆ ಎಂದು ಬೋಟಿನ ಮೂಲೆಗೆ ಎಸೆದಿದ್ದರು. ಆಗ ಆಸ್ಯಾ ಅದರ ಎದೆಗೆ ನೀರು ಹೋಗದಂಥ ಕಿಸೆಯೊಂದನ್ನು ಹೊಲಿದಳು, ಬೀಡಿಗೆ, ಮೊಬೈಲಿಗೆ. ಆಮೇಲೆ ನೋಡಿ, ಬೋಟಿನವರು ಜಾಕೆಟ್ ಬಿಚ್ಚಲೇ ಇಲ್ಲ.

ಹೀಗಿರುವಾಗ ಒಂಬತ್ತನೇ ಅಧ್ಯಾಯದಲ್ಲಿ ಈ ಮಹಾಶಯ ಬರೆದದ್ದೇನು? ‘ಬೆಳಗಿನ ನಮಾಜು ಮುಗಿಸಿ ಬರುವಾಗ ನನಗೆ ಕಿಸೆಯ ಯೋಚನೆ ಹೊಳೆಯಿತು.’

ಆಸ್ಯಾಳಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತು ವರ್ಷ ಏನೇನನ್ನೋ ಸಹಿಸಿದ್ದಳು, ಇದನ್ನು ಮಾತ್ರ ಸಹಿಸಲಾರಳು. ಒಮ್ಮೆ ಅಚ್ಚಾಯಿತೆಂದರೆ ಮೊಮ್ಮಕ್ಕಳೂ ಅದನ್ನೇ ನಂಬುತ್ತಾರೆ.

“ಮುಂದ ಏನ್ರೀ ಅಮ್ಮಾ?” ಟೈಪ್ ಮಾಡುತ್ತಿದ್ದ ದ್ರಾಕ್ಷಾಯಿಣಿ ಕೇಳಿದಳು.

ಆಸ್ಯಾ ಪಕ್ಕದಲ್ಲಿ ಕುಳಿತಿದ್ದ ಗಂಡನನ್ನೊಮ್ಮೆ ನೋಡಿ, ಗಂಟಲು ಸರಿಮಾಡಿಕೊಂಡು ಓದಿದಳು: “ಕಿಸೆಯ ಯೋಚನೆ ನನ್ನ ಹೆಂಡತಿಯದು. ಅದಿಲ್ಲದಿದ್ದರೆ ನನ್ನ ಜಾಕೆಟನ್ನು ಯಾರೂ ಹಾಕುತ್ತಿರಲಿಲ್ಲ.”

ಹಾಜಬ್ಬ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ. “ನಾನು ಹಾಗೆ ಬರೆದದ್ದು ಉಂಟಾ?”

“ಉಂಟು. ಬೇಕಾದರೆ ನೀವೇ ನೋಡಿ.”

ಅಷ್ಟರಲ್ಲಿ ದ್ರಾಕ್ಷಾಯಿಣಿ ಕೀಬೋರ್ಡಿನಿಂದ ಕೈ ತೆಗೆದಳು. “ಖರೇ ಐತ್ರೀ ಅಜ್ಜಾ. ನಮ್ಮನಿಯವರು ಕಾಪುದಾಗ ಬೋಟಿಗೆ ಹೋಗ್ತಾರ. ತಂಬಾಕು ಇಡಾಕ ಕಿಸೆ ಐತಿ ಅಂತನ ಆ ಜಾಕೆಟ್ ಹಾಕ್ಕೊಂತಿದ್ರು. ಹೋದ ವರ್ಷ ಸಮುದ್ರಕ್ಕ ಬಿದ್ದಾಗ ಅದ ಅವರನ್ನ ಉಳಿಸ್ತು.” ಅವಳು ಆಸ್ಯಾಳತ್ತ ತಿರುಗಿ ಕೈಮುಗಿದಳು.

ಸುಳ್ಳು ಓದಿದೆ ಎಂದು ಗಂಡ ಈಗ ಬೈಯುತ್ತಾನೆ ಎಂದುಕೊಂಡು ಆಸ್ಯಾ ನೋಟುಪುಸ್ತಕ ಮುಚ್ಚಿದಳು.

“ಬರೆದದ್ದರಲ್ಲಿ ಒಂದು ತಪ್ಪು ಉಂಟು ಮಗಳೇ,” ಎಂದ ಹಾಜಬ್ಬ, ದ್ರಾಕ್ಷಾಯಿಣಿಯ ದನಿ ಬಂದ ಕಡೆಗೆ ತಿರುಗಿ. “ಬರೀ ಹೆಂಡತಿ ಅಂದರೆ ಯಾರಿಗೆ ಗೊತ್ತಾಗುತ್ತದೆ? ಆಸ್ಯಾ ಅಂತ ಹೆಸರು ಹಾಕು.”