ಯಲವಿಗಿಗೆ ಬಾರದ ಅವ್ವ

ಬಿಸಿನೀರಿನ ಹಂಡೆಯನ್ನು ಇಬ್ಬರು ಹೆಂಗಸರು ಎತ್ತಿ ತಂದು ಬಚ್ಚಲಲ್ಲಿಟ್ಟರು. ಉಡಚವ್ವ ತಂಬಿಗೆಯನ್ನು ಶಿವಬಸವ್ವನ ಮುಂದೆ ಹಿಡಿದಳು. ತೀರಿಕೊಂಡ ಅಡಿವೆವ್ವ ಉಡಚವ್ವನಿಗೆ ಅಣ್ಣನ ಹೆಂಡತಿ, ಶಿವಬಸವ್ವನಿಗೆ ಅವ್ವ. ಹೆತ್ತ ಮಗಳೇ ಮೊದಲ ನೀರು ಹಾಕಬೇಕೆಂದಳು.

ಶಿವಬಸವ್ವ ಕೈಚಾಚಲಿಲ್ಲ. “ನೀವ ಹಾಕ್ರಿ, ಅತ್ತಿ.”

ಯಲವಿಗಿಯಿಂದ ಅಕ್ಕಿಆಲೂರಿಗೆ ಬಂದು ಇಳಿದಾಗಿನಿಂದ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ಪಡಸಾಲೆಯಲ್ಲಿ ಕುಳಿತವರು ಅಡಿವೆವ್ವನ ಬಿಗುಮಾನದ ಮಾತನ್ನೇ ಮೆಲ್ಲಗೆ ಆಡುತ್ತಿದ್ದರು. ಅಕ್ಕಿ ಗಿರಣಿಯಲ್ಲಿ ಎಲ್ಲರ ಜೊತೆ ಕೂತು ಅಕ್ಕಿ ಹಸನು ಮಾಡಿದವಳು, ಮಗಳ ಮದುವೆಯಾದ ಮೇಲೆ ಒಬ್ಬರ ಮನೆಯಲ್ಲೂ ಉಣ್ಣಲಿಲ್ಲ. ಮದುವೆಗೆ ಹೋದರೂ ಅಕ್ಕಿಕಾಳು ಹಾಕಿದವಳೇ ಮನೆ ಸೇರುತ್ತಿದ್ದಳು.

“ನಮ್ಮ ಮಾತು ಬಿಡ್ರಿ, ಮಗಳ ಹೊಸ್ತಿಲಾನೂ ತುಳೀಲಿಲ್ಲ,” ಎಂದಳು ಒಬ್ಬಾಕೆ.

ಶಿವಬಸವ್ವನ ಎದೆಯೊಳಗಿದ್ದುದೂ ಅದೇ. ಚೊಚ್ಚಲ ಬಾಣಂತನಕ್ಕೆ ಅವ್ವ ಕರೆಯಲಿಲ್ಲ. ತೊಟ್ಟಿಲಿಗಾದರೂ ಬರುತ್ತಾಳೆಂದು ಬೀಗರೆಲ್ಲ ಇಳಿಹೊತ್ತಿನವರೆಗೆ ಕೂಸಿಗೆ ಹೆಸರಿಡದೆ ಕಾದರು. ಕಡೆಗೆ ತವರಿನ ಕುಂಚಿಗೆಯ ಬದಲು ಗಂಡನ ತಾಯಿಯೇ ತನ್ನ ಹಳೆಯ ಸೀರೆ ಹರಿದು ಕೂಸಿಗೆ ಹೊದಿಸಿದಳು. ಅಂದು ತಗ್ಗಿದ ತಲೆಯನ್ನು ಶಿವಬಸವ್ವ ಎರಡು ವರ್ಷವಾದರೂ ಎತ್ತಿರಲಿಲ್ಲ.

ಪಕ್ಕದ ಮನೆಯ ಮುಮ್ತಾಜಬೇಗಂ ಅವಳ ರಟ್ಟೆ ಹಿಡಿದು ಹಿತ್ತಿಲಿಗೆ ಕರೆದೊಯ್ದಳು.

“ಹೇಳಬ್ಯಾಡ ಅಂತ ಆಣಿ ಹಾಕಿಸ್ಕೊಂಡಿದ್ಳು. ಇನ್ನ ಯಾರಿಗೆ ಅಂಜಲಿ? ನಿಮ್ಮವ್ವ ತೊಟ್ಟಿಲ ದಿನ ಬಂದಿದ್ಳು, ತಂಗಿ. ಯಲವಿಗಿತನಕಾ ಬಂದಿದ್ಳು.”

*

ತೊಟ್ಟಿಲಿನ ಹಿಂದಿನ ದಿನದಿಂದ ಅಡಿವೆವ್ವ ಒಂದು ತುತ್ತೂ ಉಂಡಿರಲಿಲ್ಲ. ಹೊಟ್ಟೆ ಖಾಲಿ ಇದ್ದರೆ ದಾರಿಯಲ್ಲಿ ಮಾನ ಉಳಿದೀತೆಂದು ಅವಳ ಆಸೆ. ಉಪವಾಸಕ್ಕೆ ಬಗ್ಗುವ ಭೇದಿ ಇದಲ್ಲವೆಂದು ಹುಬ್ಬಳ್ಳಿಯ ಡಾಕ್ಟರು ಮೊದಲೇ ಹೇಳಿದ್ದರು. ಮಗಳ ಮದುವೆಯ ಬೆನ್ನಿಗೇ ಸಣ್ಣ ಕರುಳಿಗೆ ಬಾವು ಬಂದಿತ್ತು. ಉಪ್ಪು, ನೀರು ಹೀರಿಕೊಳ್ಳಬೇಕಾದ ಕರುಳು, ಬಾವಿನಿಂದ ಹುಟ್ಟುವ ರಸದ ಕಾಟಕ್ಕೆ ತಿರುಗಿಬಿದ್ದು ಮೈಯೊಳಗಿನ ಉಪ್ಪನ್ನೇ ಹೊರಗೆ ಸುರಿಯುತ್ತದೆ, ಉಪ್ಪಿನ ಹಿಂದೆ ನೀರೂ ಹೋಗುತ್ತದೆ ಎಂದಿದ್ದರು. ಅಂಟುರೋಗವಲ್ಲ ಎಂದೂ ಹೇಳಿದ್ದರು. ಅಡಿವೆವ್ವ ಅದೊಂದನ್ನು ನಂಬಲಿಲ್ಲ. ಬಾಣಂತಿಯನ್ನೂ ಕೂಸನ್ನೂ ಹತ್ತಿರ ಕರೆಯಲಿಲ್ಲ.

ತೊಟ್ಟಿಲ ದಿನ ಅವಳೂ ಮುಮ್ತಾಜಬೇಗಂಳೂ ಹಾವೇರಿಯಲ್ಲಿ ಬಸ್ಸಿಳಿದು, ರೈಲು ಹತ್ತಿ ಯಲವಿಗಿ ಸೇರಿದರು. ಸ್ಟೇಶನ್ನಿನ ಮೆಟ್ಟಿಲು ಇಳಿಯುವಷ್ಟರಲ್ಲಿ ಹೊಸ ಇಳಕಲ್ ಸೀರೆ ಕೆಟ್ಟಿತು. ಅಡಿವೆವ್ವ ಬೇವಿನ ಮರದ ಹಿಂದೆ ಕುಸಿದು ಕುಂತಳು. ಮುಮ್ತಾಜಬೇಗಂ ನೀರು ತಂದಳು, ತೊಳೆದಳು, ಮತ್ತೆ ತಂದಳು. ಕೂಸಿಗೆಂದು ತಂದ ಕುಂಚಿಗೆಯನ್ನಾದರೂ ಕೊಟ್ಟು ಬರುತ್ತೇನೆ ಎಂದಳು.

“ಬ್ಯಾಡ. ಅವ್ವ ಎಲ್ಲಿ ಅಂತ ಕೇಳ್ತಾರ. ರೋಗದ ಮನಿ ಹೆಣ್ಣು ಅಂತ ನನ್ನ ಮಗಳ್ನ ಆಡ್ಕೋತಾರ. ನೀ ದೂರದಿಂದ ಕೂಸಿನ್ನ ನೋಡಿ ಬಾ, ಸಾಕು.”

ಮುಮ್ತಾಜಬೇಗಂ ಓಣಿಯ ತುದಿಯಲ್ಲಿ ನಿಂತು ನೋಡಿ ಬಂದಳು. ಹಾವೇರಿ ಮುಟ್ಟುವವರೆಗೂ ಅಡಿವೆವ್ವ ಕೇಳಿದ್ದು ಒಂದೇ ಮಾತು: ಮೂಗು ಯಾರದು, ತಾಯಿಯದೋ ತಂದೆಯದೋ?

*

ಕಳೆದ ವಾರ ಅದೇ ರೋಗ ಜೋರಾಗಿತ್ತು. ಮಗಳಿಗೆ ಸುದ್ದಿ ಮುಟ್ಟಿಸುತ್ತೇನೆಂದು ಮುಮ್ತಾಜಬೇಗಂ ಎಷ್ಟು ಹೇಳಿದರೂ ಅಡಿವೆವ್ವ ಒಪ್ಪಲಿಲ್ಲ. ನಿನ್ನೆ ಸಂಜೆಯ ಹೊತ್ತಿಗೆ ನಾಲಿಗೆ ಒಣಗಿ ಮಾತು ನಿಂತಿತು.

ಶಿವಬಸವ್ವ ಹಿತ್ತಿಲಿನಿಂದ ಒಳಗೆ ಬಂದಳು. ಬಚ್ಚಲಲ್ಲಿ ಹೆಂಗಸರು ಸುತ್ತುಗಟ್ಟಿ ನಿಂತಿದ್ದರು. ಒಬ್ಬಾಕೆ ಆಗಲೇ ಅವ್ವನ ಸೀರೆಯ ಗಂಟಿಗೆ ಕೈಹಾಕಿದ್ದಳು. ಶಿವಬಸವ್ವ ಆ ಕೈಯನ್ನು ಸರಿಸಿದಳು.

“ಎಲ್ಲಾರೂ ಹೊರಗ ನಡೀರಿ. ನಾನೂ ಮುಮ್ತಾಜಕ್ಕ ಇಬ್ಬರ ಎರೀತೇವಿ.”

ಉಡಚವ್ವ ಪದ್ಧತಿಯ ಮಾತೆತ್ತಿದಳು. ಬೇರೆ ಜಾತಿಯವಳು ಮುಟ್ಟಿದರೆ ಊರ ದೈವದ ಹಿರಿಯರು ಏನಂದಾರು ಎಂದಳು. ಶಿವಬಸವ್ವ ಅವಳ ಕೈಯಿಂದ ತಂಬಿಗೆ ತೆಗೆದುಕೊಂಡಳು. ಅವಳ ಮುಖ ನೋಡಿ ಉಡಚವ್ವ ಉಳಿದವರನ್ನೂ ಕರೆದುಕೊಂಡು ಹೊರಗೆ ಹೋದಳು.

ಬಾಗಿಲು ಹಾಕಿಕೊಂಡರು. ಅವ್ವನನ್ನು ಎತ್ತಿ ಕೂಡ್ರಿಸಲು ಇಬ್ಬರ ಬಲ ಬೇಕಾದೀತೆಂದು ಶಿವಬಸವ್ವ ಟೊಂಕ ಕಟ್ಟಿ ಕಂಕುಳಿಗೆ ಕೈಕೊಟ್ಟಳು. ಅವ್ವ ಒಬ್ಬಳ ಕೈಗೇ ಎದ್ದುಬಂದಳು. ಆ ಹಗುರಕ್ಕೆ ಶಿವಬಸವ್ವ ಹಿಂದಕ್ಕೆ ತತ್ತರಿಸಿ, ಗೋಡೆಗೆ ಬೆನ್ನು ಕೊಟ್ಟು, ಅವ್ವನನ್ನು ಮಡಿಲಲ್ಲಿಟ್ಟುಕೊಂಡು ಕುಂತುಬಿಟ್ಟಳು.

ಮುಮ್ತಾಜಬೇಗಂ ಹಂಡೆಯ ನೀರಿಗೆ ಬೆರಳು ಅದ್ದಿ ನೋಡಿದಳು. ಸುಡುತ್ತಿತ್ತು. ಒಂದು ಕೊಡ ತಣ್ಣೀರು ಬೆರೆಸಿ, ಮತ್ತೊಮ್ಮೆ ಬೆರಳು ಅದ್ದಿದಳು.