ಇಬ್ಬರಲ್ಲಿ ಒಬ್ಬ

“ಇವತ್ತು ಹೇಳಿಬಿಡು,” ಎಂದು ಅಮ್ಮ ಊಟದ ಡಬ್ಬಿಯ ಮುಚ್ಚಳ ಒತ್ತಿದಳು. “ಭಾನುವಾರ ನಿಮ್ಮ ಮಾವ ಅಜ್ಜೀನ ಕರ್ಕೊಂಡು ಬರ್ತಾನೆ. ಬಾಗಿಲಲ್ಲೇ ನಿಂತು ದೊಡ್ಡೋನೆಲ್ಲಿ ಅಂದ್ರೆ?”

“ನೀನೇ ಹೇಳಮ್ಮ.”

“ಶುರು ಮಾಡಿದ್ದು ಯಾರು?”

ಅವನು ಚಪ್ಪಲಿ ಮೆಟ್ಟಿ ಹೊರಟ. ಶುರು ಮಾಡಿದ್ದು ಅವನೇ. ಅಣ್ಣ ನಾಲ್ಕೇ ದಿನದ ಜ್ವರದಲ್ಲಿ ತೀರಿಕೊಂಡಾಗ ಅಜ್ಜಿ ದೂರದೂರಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಮಾಡಿಸಿಕೊಂಡು ಮಲಗಿದ್ದಳು. ಸದ್ಯಕ್ಕೆ ಹೇಳಬೇಡಿ ಎಂದಿದ್ದರು ಡಾಕ್ಟರು. ಒಂಬತ್ತನೆಯ ದಿನ ಅಣ್ಣನ ಫೋನು ಬಡಿದುಕೊಂಡಿತು.

“ದೊಡ್ಡೋನೇ, ಅಜ್ಜಿ ಮರೆತೇ ಹೋದ್ಲೇನೋ?”

“ಇಲ್ಲ ಅಜ್ಜಿ, ಕೆಲಸ,” ಎಂದುಬಿಟ್ಟ, ಅಣ್ಣನ ಹಾಗೆ ಗಂಟಲು ತಗ್ಗಿಸಿ. ಅಲ್ಲಿಂದ ಮೂರು ತಿಂಗಳು, ದಿನಾ ಮಧ್ಯಾಹ್ನ ಒಂದೂವರೆಗೆ, ಸತ್ತವನು ತಪ್ಪದೆ ಅಜ್ಜಿಗೆ ಫೋನು ಮಾಡುತ್ತಿದ್ದ.

ಸಿಕ್ಕಿಬೀಳುವ ಭಯವಿರಲಿಲ್ಲ. ಕಿವಿಯೇ ಅವನ ಕಸುಬು. ಕಿವಿಯ ಆಸ್ಪತ್ರೆಯೊಂದರಲ್ಲಿ ಯಾರಿಗೆ ಎಷ್ಟು ಕೇಳಿಸುತ್ತದೆಂದು ಅಳೆಯುವುದು. ಎರಡು ವರ್ಷದ ಹಿಂದೆ ಅಜ್ಜಿಯ ಕಿವಿಯನ್ನು ಪರೀಕ್ಷಿಸಿ ನಕ್ಷೆ ಬರೆದವನೂ ಅವನೇ. ತೆಳುವಾದ ಸದ್ದುಗಳೆಲ್ಲ ಆಕೆಗೆ ಹೋಗಿಬಿಟ್ಟಿದ್ದವು, ದಪ್ಪ ದನಿಯಷ್ಟೇ ಉಳಿದಿತ್ತು. ಒಬ್ಬ ಮೊಮ್ಮಗನನ್ನು ಇನ್ನೊಬ್ಬನಿಂದ ಬೇರೆ ಮಾಡಬಹುದಾದದ್ದು ಯಾವುದೂ ಆ ಕಿವಿಯೊಳಗೆ ಇಳಿಯುವಂತಿರಲಿಲ್ಲ. ಓದಿದ ವಿದ್ಯೆ ಇಷ್ಟಾದರೂ ಉಪಯೋಗಕ್ಕೆ ಬಂತು.

ಅಳು ಮಾತ್ರ ಬರಲಿಲ್ಲ. ಸಾವಿನ ಮನೆಗೆ ಬಂದವರು ಅಮ್ಮನನ್ನು ತಬ್ಬಿಕೊಂಡು ಅತ್ತರು, ಅಪ್ಪನ ಕೈ ಹಿಡಿದು ಕೂತರು. ಅವನ ಬೆನ್ನು ತಟ್ಟಿ, “ಇನ್ಮೇಲೆ ನೀನೇ ನೋಡ್ಕೋಬೇಕಪ್ಪ, ಗಟ್ಟಿಯಾಗಿರು” ಎಂದು ಹೇಳಿ ಎದ್ದು ಹೋದರು. ಅವನು ಗಟ್ಟಿಯಾಗಿದ್ದ. ಎಷ್ಟರಮಟ್ಟಿಗೆಂದರೆ ಒಂದು ದಿನ ಅಪ್ಪ, “ನಿನಗೇನೂ ಅನ್ಸೋದೇ ಇಲ್ವೇನೋ?” ಎಂದು ಕೇಳಿದರು. ಅನ್ನಿಸುತ್ತಿತ್ತು. ಅಣ್ಣನ ಬದಲು ತಾನು ಹೋಗಿದ್ದರೆ ಈ ಮನೆ ಇಷ್ಟು ಖಾಲಿಯಾಗುತ್ತಿರಲಿಲ್ಲ ಎನ್ನಿಸುತ್ತಿತ್ತು. ಅದನ್ನು ಯಾರಿಗೆ ಹೇಳುವುದು?

ಬೆಳಿಗ್ಗೆಯ ಮೊದಲ ರೋಗಿ ನಿವೃತ್ತ ಮೇಷ್ಟ್ರು. ಗಾಜಿನ ಕೋಣೆಯೊಳಗೆ ಕೂತು, ಸದ್ದು ಕೊಡುವ ಮೊದಲೇ ಗುಂಡಿ ಒತ್ತುತ್ತಿದ್ದರು.

“ಸದ್ದು ಬಂದಾಗ ಮಾತ್ರ ಒತ್ತಿ ಸಾರ್.”

“ಬಂತಲ್ಲ.”

“ನಾನಿನ್ನೂ ಕೊಟ್ಟೇ ಇಲ್ಲ.”

“ನೀವು ಕೊಡದಿದ್ರೆ ಬಿಡಿ, ನಂಗೆ ಬಂತಪ್ಪ.”

ಇಲ್ಲದ ಸದ್ದೂ ಕೇಳಿಸುವ ಮೇಷ್ಟ್ರ ಮೇಲೆ ಅವನಿಗೆ ಹೊಟ್ಟೆಕಿಚ್ಚಾಯಿತು.

ಒಂದೂವರೆಗೆ ಅದೇ ಕೋಣೆಗೆ ಹೊಕ್ಕು ದಪ್ಪ ಬಾಗಿಲೆಳೆದುಕೊಂಡ. ಹೊರಗಿನ ಗದ್ದಲ ಕತ್ತರಿಸಿದಂತೆ ನಿಂತಿತು. ಹೇಳಬೇಕಾದ ಮಾತನ್ನು ಬಸ್ಸಿನಲ್ಲೇ ಜೋಡಿಸಿಕೊಂಡಿದ್ದ. ಅಜ್ಜಿ, ನಾನು ದೊಡ್ಡೋನಲ್ಲ. ಇಷ್ಟಂದರೆ ಉಳಿದದ್ದು ತಾನಾಗಿ ಬರುತ್ತದೆ.

“ದೊಡ್ಡೋನಾ? ಊಟ ಆಯ್ತಾ?”

“ಆಯ್ತು ಅಜ್ಜಿ.” ಗಂಟಲು ಅಭ್ಯಾಸಬಲದಿಂದ ತಾನೇ ತಗ್ಗಿತು.

“ಸುಳ್ಳು. ದನಿ ಕೇಳಿದ್ರೇ ಗೊತ್ತಾಗತ್ತೆ ಹೊಟ್ಟೆ ಖಾಲಿ ಅಂತ. ಭಾನುವಾರ ಬರ್ತಿದೀನಿ, ಎಲ್ಲೂ ಹೋಗ್ಬೇಡ. ಆ ಇನ್ನೊಬ್ಬ ಹೇಗಿದಾನೆ? ಒಂದಿನಾನೂ ಫೋನು ಮಾಡ್ಲಿಲ್ಲ ನೋಡು, ಕಳ್ಳ.”

ದಿನಾ ಕೊನೆಗೆ ಬರುವ ಪ್ರಶ್ನೆ. ಅವನಿಗೇನು, ಗುಂಡುಕಲ್ಲಿನ ಹಾಗಿದಾನೆ ಎನ್ನುವುದು ದಿನದ ಉತ್ತರ.

“ಅಜ್ಜಿ, ಒಂದು ವಿಷಯ.”

“ಹೇಳೋ.”

ಅಣ್ಣನ ದನಿಯಲ್ಲಿ ಅಣ್ಣ ಸತ್ತನೆಂದು ಹೇಳಲು ನಾಲಿಗೆ ಹೊರಳಲಿಲ್ಲ. ತನ್ನ ದನಿ ಎಲ್ಲಿತ್ತೆಂದು ಹುಡುಕಿದ. ಅಜ್ಜಿಯೊಡನೆ ಮೂರು ತಿಂಗಳಿಂದ ಬಳಸದ್ದು ಕರೆದ ತಕ್ಷಣ ಬರಲಿಲ್ಲ.

“ನಮ್ಮಿಬ್ಬರಲ್ಲಿ ಒಬ್ಬ ಇಲ್ಲ ಅಜ್ಜಿ. ಹೋಗ್ಬಿಟ್ಟ. ಜ್ವರ ಬಂದು.”

ಆ ಕಡೆ ಫೋನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾದ ಸದ್ದು.

“ಚಿಕ್ಕೋನಾ?”

ಒಂದು ಕ್ಷಣ ಇತ್ತು. ಅಲ್ಲ ಎನ್ನಲು ಅಷ್ಟು ಸಾಕಾಗಿತ್ತು.

“ಹೂಂ,” ಎಂದ.

ಅಜ್ಜಿ ಅತ್ತಳು. ಚಿಕ್ಕೋನೇ, ನನ್ನ ಕಂದಾ, ನನ್ನ ಕಿವಿ ಹಿಡ್ಕೊಂಡೇ ನಿದ್ದೆ ಮಾಡ್ತಿದ್ದೆಯಲ್ಲೋ, ಕತ್ತಲೆ ಅಂದ್ರೆ ಅಷ್ಟು ಹೆದರೋನು ಒಬ್ಬನೇ ಹೇಗೆ ಹೋದೆಯೋ ಎಂದು ಕರೆಕರೆದು ಅತ್ತಳು. ಅವನಿಗೆ ಮೈಯೆಲ್ಲ ಬೆಚ್ಚಗಾಯಿತು. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ, ಒಂದು ಮಾತೂ ತಪ್ಪಿಹೋಗದ ಹಾಗೆ. ಕಣ್ಣಿಂದ ನೀರಿಳಿಯುತ್ತಿತ್ತು. ನಿಲ್ಲಿಸಬೇಡ ಅಜ್ಜಿ, ಇನ್ನೂ ಸ್ವಲ್ಪ, ಎಂದು ಒಳಗೊಳಗೇ ಬೇಡಿಕೊಂಡ.

ಅಜ್ಜಿ ಮೂಗೊರೆಸಿಕೊಂಡಳು. ಉಸಿರು ನಿಧಾನಕ್ಕೆ ಹದಕ್ಕೆ ಬಂತು.

“ನೀನಾದ್ರೂ ಇದೀಯಲ್ಲ ದೊಡ್ಡೋನೇ,” ಎಂದಳು. “ನಂಗೆ ಅಷ್ಟು ಸಾಕು.”

ಗಾಜಿನಾಚೆ ನರ್ಸಮ್ಮ ಕೈಯಲ್ಲಿ ಚೀಟಿ ಹಿಡಿದು, ಬಾಯಿ ದೊಡ್ಡದಾಗಿ ತೆರೆದು ಮುಂದಿನ ರೋಗಿಯ ಹೆಸರು ಕೂಗುತ್ತಿದ್ದಳು. ಅವನು ಆ ತುಟಿಗಳನ್ನೇ ನೋಡುತ್ತ ಕೂತ. ಎರಡನೆಯ ಸಲ ಕೂಗಿದಳು, ಮೂರನೆಯ ಸಲ. ಬೆಂಚಿನ ಮೇಲಿದ್ದವರು ಒಬ್ಬೊಬ್ಬರಾಗಿ ಹಿಂದಿರುಗಿ ನೋಡಿದರು. ಕರೆದ ಹೆಸರಿಗೆ ಯಾರೂ ಏಳಲಿಲ್ಲ.