ಕೊನೆಯ ಅಧ್ಯಾಯದ ಹೊಲಿಗೆ

"ಈ ದಾರ ನಮ್ಮದಲ್ಲ." ಲಲಿತಾಬಾಯಿ ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದಳು. "ನಾವು ಹೊಲದಿದ್ದು ಕೆಂಪ. ಇದು ಬಿಳೇದು."

ಶಹಾಬಾದಿನ ವಾಚನಾಲಯದಲ್ಲಿ ಗುರುವಾರ ಮಧ್ಯಾಹ್ನ ಹೆಂಗಸರದು. ಒಂದೇ ಪತ್ತೇದಾರಿ ಕಾದಂಬರಿ ಮನೆಯಿಂದ ಮನೆಗೆ ಹೋಗಿ ಬರುತ್ತಿತ್ತು. ಯಾರೂ ಕದ್ದು ಓದಬಾರದೆಂದು ಕೊನೆಯ ಅಧ್ಯಾಯವನ್ನು ಸೂಜಿ ದಾರದಿಂದ ಹೊಲಿದುಬಿಡುತ್ತಿದ್ದರು. ಕೊಲೆಗಾರ ಯಾರೆಂದು ಪ್ರತಿಯೊಬ್ಬಳೂ ಹೇಳಿದ ಮೇಲೆಯೇ ಕತ್ತರಿ ಬರುವುದು.

"ಕಡೀಕ ಪುಸ್ತಕ ಯಾರ ಮನಿಯಾಗಿತ್ತು? ಹೊಲಿಗಿ ಮಷಿನ್ ಯಾರ ಮನಿಯಾಗದ?" ಲಲಿತಾಬಾಯಿ ಕೇಳಿದಳು.

ಎಲ್ಲರ ಕಣ್ಣು ಓಣಿಗೆಲ್ಲ ಕುಪ್ಪಸ ಹೊಲಿಯುವ ಖುರ್ಷಿದಬೇಗಮಳ ಕಡೆ ಹೊರಳಿತು. ಅವಳ ಪಕ್ಕದಲ್ಲೇ ಕುಳಿತಿದ್ದ ನೀಲಾಬಾಯಿಯ ಕಣ್ಣೂ ಅವಳ ಬೆರಳಿನತ್ತ ಹೋಯಿತು.

"ಹೋದ ಸಲ ಕೊಲಿಗಾರನ ಹೆಸರ ಸರಿ ಹೇಳಿದ್ನಿ, ಅದಕ್ಕ ಹಿಂಗಂತೀರೇನು?" ಖುರ್ಷಿದ ಕೇಳಿದಳು. "ಅತ್ತಿ ಕಾಲ ಹಿಡದು ವಾರಕ್ಕ ಇದೊಂದು ತಾಸು ಬರ್ತೀನ್ರಿ ನಾ."

"ಕದ್ದು ಓದೋರು ಬರೂದ ಬ್ಯಾಡ," ಎಂದಳು ಲಲಿತಾಬಾಯಿ.

ಯಾರೋ ಕಿಸಕ್ಕನೆ ನಕ್ಕರು. ಖುರ್ಷಿದ ಬುರ್ಖಾ ಏರಿಸಿಕೊಂಡು ಹೊರಟುಹೋದಳು.

ಆಮೇಲೆ ಕಪಾಟಿನ ಹಿಂದಿನಿಂದ ವಾಚನಾಲಯ ನೋಡಿಕೊಳ್ಳುವ ಅಮೃತಪ್ಪ ಕೆಮ್ಮಿದ. "ಅದು... ನಾನ ಬಿಚ್ಚಿದ್ನಿರಿ. ಆಕಿ ಪುಸ್ತಕ ತಂದಿಟ್ಟ ಮ್ಯಾಲ ತಪಾಸಣಿ ಸಾಹೇಬ್ರು ಬಂದಿದ್ರು, ಹಾಳಿ ಯಾಕ ಹೊಲದೀರಿ ಅಂತ ಬೈತಾರಂತ. ಅವ್ರು ಹೋದ ಮ್ಯಾಲ ಬೈಂಡಿಂಗ್ ದಾರಲೆ ಮತ್ತ ಹೊಲದೆ."

"ಆಕಿ ಹೋಗೂತನಾ ನಿಮ್ಮ ಬಾಯಿಗೇನಾಗಿತ್ತು?" ನೀಲಾಬಾಯಿ ಎದ್ದು ನಿಂತಳು.

"ನೀವೆಲ್ಲಾರೂ ಜೋರ್ ಮಾತಾಡಾಕತ್ತಿದ್ರಿ..."

"ಹೋಗ್ಲಿ ಬಿಡ್ರಿ, ಗೊತ್ತಾತಲ್ಲ," ಎಂದಳು ಲಲಿತಾಬಾಯಿ. "ಕತ್ತರಿ ತರ್ರಿ."

ನೀಲಾಬಾಯಿ ಅವಳತ್ತ ತಿರುಗಿದಳು. "ಮೊದಲ ಯಾರ ಮ್ಯಾಲ ಸಂಶಯ ಬೀಳ್ತದ, ಅವ್ರು ಕೊಲಿ ಮಾಡಿರಂಗಿಲ್ಲ ಅಂತ ಪ್ರತಿ ಗುರುವಾರ ಪಾಠ ಹೇಳ್ತೀರಿ. ಇವತ್ತ ಆ ಶಾಣ್ಯಾತನ ಎಲ್ಲಿಟ್ಟು ಬಂದ್ರಿ? ಒಬ್ಬಾಕಿಗಿ ಕಳ್ಳಿ ಮಾಡಿ ಕಳಿಸಿ, ಕತ್ತರಿ ಬೇಕಂತ ಕತ್ತರಿ!"

ಪುಸ್ತಕ ಕಿತ್ತುಕೊಂಡು ಬಿಸಿಲಲ್ಲಿ ದಾಪುಗಾಲು ಹಾಕಿದಳು. ಓಣಿಗೆ ಹಾಸಿದ ಫರಸಿ ಕಲ್ಲು ಕಾದು ಚಪ್ಪಲಿಯೊಳಗೂ ಸುಡುತ್ತಿತ್ತು. ಖುರ್ಷಿದಳ ಮನೆಯ ಬಾಗಿಲು ತೆರೆದಿತ್ತು. ಒಳಗೆ ಮಷಿನ್ ಗಡಗಡ ಓಡುತ್ತಿತ್ತು.

"ಖುರ್ಷಿದಾ, ಅಮೃತಪ್ಪ ಒಪ್ಪಿಕೊಂಡಾನವ್ವ. ಎಲ್ಲಾರಿಗೂ ಛಲೋ ಝಾಡಿಸಿ ಬಂದೀನಿ. ಏಳು, ಇಬ್ರೂ ಕೂಡಿ ಬಿಚ್ಚೂಣು."

ಖುರ್ಷಿದ ತಲೆ ಎತ್ತಲಿಲ್ಲ.

"ಅವ್ರು ಅಂದಿದ್ದು ಅನ್ಲಿ, ಅಕ್ಕಾ. ಎಲ್ಲಾರೂ ನನ್ನ ನೋಡಾಕತ್ತಾಗ ನಾ ನಿನ್ನ ಮಾರಿ ನೋಡಿದ್ನಿ. ನೀ ನನ್ನ ಕೈ ನೋಡಾಕತ್ತಿದ್ದಿ."

ನೀಲಾಬಾಯಿ ಹೊಸ್ತಿಲ ಮೇಲೆ ಕುಳಿತಳು. ಪುಸ್ತಕ ಮಡಿಲಲ್ಲಿತ್ತು, ಹೊಲಿಗೆ ಹಾಗೇ ಇತ್ತು. ಖುರ್ಷಿದ ತುಳಿಯುತ್ತಲೇ ಇದ್ದಳು. ಸೂಜಿ ಮೇಲೆ ಕೆಳಗೆ, ಮೇಲೆ ಕೆಳಗೆ ಓಡುತ್ತಿತ್ತು. ಅದರ ಕೆಳಗೆ ಬಟ್ಟೆಯೇ ಇರಲಿಲ್ಲ.